ಹಿಮ್ಮಡಿಗೂ ನೀರಿಗೂ ನಡುವೆ

1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ಬೇಲಿಯ ಸಂದಿಯಿಂದ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋಂ ತೆಗೆದ ಚಿತ್ರ ಹೆಸರಿಲ್ಲದೆ ನಿಮ್ಮ ಕೈಗೆ ಬಂತೆನ್ನಿ. ‘ಸೂಪರ್’ ಎಂದಷ್ಟೇ ಹೇಳಿದರೆ ತೆಗೆದವರಿಗೆ ಏನೂ ದಕ್ಕದು. ನಿಂತ ನೀರಿನ ಮೇಲೆ ಹಾರಿದವನ ಹಿಮ್ಮಡಿ ಇನ್ನೂ ನೀರು ಮುಟ್ಟಿಲ್ಲ. ಚಿತ್ರದ ಜೀವ ಇರುವುದು ಆ ಕೂದಲೆಳೆಯ ಅಂತರದಲ್ಲಿ. ಹಿಂದಿನ ಪೋಸ್ಟರಿನಲ್ಲೂ ಒಂದು ಆಕೃತಿ ಹಾರುತ್ತಿದೆ, ನೋಡಿದಿರಾ? ಇಂಥದ್ದನ್ನು ಬೆರಳಿಟ್ಟು ತೋರಿಸುವುದೇ ಒಳ್ಳೆಯ ವಿಮರ್ಶಕರ ಕಸುಬು. ಮೂಲ ಚಿತ್ರದ ಎಡಗಡೆ ಅಡ್ಡ ಬಂದ ಬೇಲಿಯ ಹಲಗೆಯನ್ನು ಮಾತ್ರ ಮುಲಾಜಿಲ್ಲದೆ ‘ತೆಗೆಯಿರಿ’ ಎನ್ನಬೇಕು. ಕ್ರಾಪ್ ಎಂದರೆ ಒಲ್ಲೆನೆನ್ನುತ್ತಿದ್ದ ಬ್ರೆಸೋಂ ಕೂಡ ಇಲ್ಲಿ ಅದನ್ನೇ ಮಾಡಿದರು. ಹಾರುವವನು ಮಸುಕಾಗಿದ್ದಾನೆಂದು ಕೊಸರಾಡುವವರೂ ಇರಬಹುದು. ನನಗಂತೂ ಆ ಮಸುಕು ಬೇಕು. ಅದನ್ನು ತಿದ್ದಿದರೆ ಓಟವೇ ನಿಂತುಹೋದೀತು.