ಸೆತ್ಸುಕೊಳ ಪೆಪ್ಪರ್‌ಮಿಂಟ್ ಡಬ್ಬಿ

ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988) ಚಿತ್ರದ ಕೆಲವು ಮಾತು, ಕೆಲವು ದೃಶ್ಯಗಳಿಗೆ ಈ ವ್ಯಾಖ್ಯಾನ.

ತಾನು ಸತ್ತ ದಿನವನ್ನು ಕಥಾನಾಯಕ ಸೇತ ತಾನೇ ಹೇಳುವ ಮೊದಲ ಮಾತು: ಅದು 1945ರ ಸೆಪ್ಟೆಂಬರ್ 21. ಜಾಗ, ಕೋಬೆಯ ಸನ್ನೋಮಿಯಾ ರೈಲು ನಿಲ್ದಾಣ. ಜಪಾನಿನ ಚಕ್ರವರ್ತಿ ಶರಣಾಗತಿ ಸಾರಿದ್ದು ಆಗಸ್ಟ್ 15ರಂದು. ಎಂದರೆ ಬಾಂಬು ಬೀಳುವುದು ನಿಂತು ತಿಂಗಳು ಕಳೆದ ಮೇಲೆ ಹದಿನಾಲ್ಕರ ಹುಡುಗ ಹಸಿವಿನಿಂದ ಸತ್ತಿದ್ದಾನೆ. ಈ ತಾರೀಖು ಮರೆತರೆ ಚಿತ್ರ ಅರ್ಧ ಮಾತ್ರ ದಕ್ಕುತ್ತದೆ.

ಡಬ್ಬಿ: ನಿಲ್ದಾಣದವನು ಎಸೆದ ತಗಡಿನ ಡಬ್ಬಿಯಿಂದ ಉದುರುವುದು ನಾಲ್ಕು ವರ್ಷದ ತಂಗಿ ಸೆತ್ಸುಕೊಳ ಮೂಳೆಚೂರು. ಇದೇ ಡಬ್ಬಿಯಲ್ಲಿ ಪೆಪ್ಪರ್‌ಮಿಂಟು ಮುಗಿದಾಗ ಅಣ್ಣ ನೀರು ತುಂಬಿ, ಅಲುಗಿಸಿ ಕುಡಿಸಿದ್ದ. ಅವಳು ಒಂದೊಂದೇ ಹಣ್ಣಿನ ಹೆಸರು ಹೇಳುತ್ತ ಕುಡಿದಿದ್ದಳು. ಕೊನೆಯ ದಿನಗಳಲ್ಲಿ ಅವಳ ಬಾಯಲ್ಲಿದ್ದದ್ದು ಪೆಪ್ಪರ್‌ಮಿಂಟಲ್ಲ, ಆಟದ ಗಾಜಿನ ಬಿಲ್ಲೆ. ಅಣ್ಣನಿಗೆ ಅವಳು ಬಡಿಸಿದ್ದು ಮಣ್ಣಿನ ಅನ್ನದುಂಡೆ. ಯುದ್ಧವೆಂದರೇನೆಂದು ಹೇಳಲು ತಕಹಾತರಿಗೆ ಇಷ್ಟೇ ಸಾಕಾಗಿದೆ.

ನೆಂಟರಾಕೆಯ ಬಿರುನುಡಿ: ಅಣ್ಣ-ತಂಗಿ ಆಶ್ರಯ ಪಡೆದ ಮನೆಯಲ್ಲಿ, ಸತ್ತ ತಾಯಿಯ ಕಿಮೋನೊ ಕೊಟ್ಟು ತಂದ ಅಕ್ಕಿಯಲ್ಲೂ ದುಡಿಯುವವರಿಗೆ ಅನ್ನ, ಈ ಇಬ್ಬರಿಗೆ ತೆಳು ಗಂಜಿ. ಅವಳನ್ನು ರಾಕ್ಷಸಿ ಎಂದು ಬೈದು ಮುಗಿಸುವುದು ಸುಲಭ. ಆದರೆ ತಂಗಿಯನ್ನು ಕರೆದುಕೊಂಡು ಆ ಮನೆ ಬಿಟ್ಟು, ಕೊಳದ ದಂಡೆಯ ಗುಹೆಗೆ ಹೋಗಿದ್ದು ಸೇತನ ಸ್ವಂತ ನಿರ್ಧಾರ. ಯಾರ ಹಂಗೂ ಇಲ್ಲದೆ ಇಬ್ಬರೇ ಬದುಕುತ್ತೇವೆಂಬ ಹಟವೂ ಅವರನ್ನು ಕೊಂದಿತು. ಇದನ್ನು ಯುದ್ಧವಿರೋಧಿ ಚಿತ್ರವೆಂದಷ್ಟೇ ಕರೆಯುವುದನ್ನು ತಕಹಾತ ಒಪ್ಪುತ್ತಿರಲಿಲ್ಲ.

ಮಿಣುಕುಹುಳಗಳ ಗುಂಡಿ: ರಾತ್ರಿ ಸೊಳ್ಳೆಪರದೆಯೊಳಗೆ ಬೆಳಗಿದ ಹುಳಗಳನ್ನು ಸೆತ್ಸುಕೊ ಬೆಳಗ್ಗೆ ಹೂಳುತ್ತಾಳೆ. ಅಮ್ಮನೂ ಹೀಗೇ ಗೋರಿಯಲ್ಲಿದ್ದಾಳೆ ಎನ್ನುತ್ತಾಳೆ. ಅಣ್ಣ ಬಚ್ಚಿಟ್ಟಿದ್ದ ಸುದ್ದಿ ಅವಳಿಗೆ ಆಗಲೇ ಗೊತ್ತಿತ್ತು! ಅಲ್ಲಿಯವರೆಗೆ ತಂಗಿಯೆದುರು ಗಟ್ಟಿಯಾಗಿ ನಿಂತಿದ್ದ ಅವನು ಅಳುತ್ತಾನೆ.

ಬೆಂಕಿ: ಒಂಬತ್ತನೇ ವಯಸ್ಸಿನಲ್ಲಿ ಒಕಾಯಾಮದ ಬೆಂಕಿಬಾಂಬ್ ದಾಳಿಯಿಂದ ಪಾರಾದವರು ತಕಹಾತ. ಮೂಲ ಕಥೆಯನ್ನು 1967ರಲ್ಲಿ ಬರೆದ ಅಕಿಯುಕಿ ನೊಸಾಕ, 1945ರಲ್ಲಿ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡವರು. ಸೇತನಷ್ಟು ಒಳ್ಳೆಯ ಅಣ್ಣ ತಾನಾಗಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

ಜಪಾನಿನಲ್ಲಿ ಇದು ‘ಟೊಟೊರೊ’ ಎಂಬ ಮಕ್ಕಳ ಚಿತ್ರದ ಜೊತೆಯಲ್ಲೇ ಒಂದೇ ಪ್ರದರ್ಶನವಾಗಿ ತೆರೆ ಕಂಡಿತು. ಅನಿಮೇಷನ್ ಅಲ್ಲವೇ ಎಂದು ಮಕ್ಕಳನ್ನು ಮಾತ್ರ ಇದರ ಮುಂದೆ ಕೂರಿಸಬೇಡಿ. ನೀವೂ ಪಕ್ಕದಲ್ಲಿ ಕೂತು ನೋಡಿ.