ಹಿಟ್ಟಿನ ಗೊಂಬೆಯ ನೈವೇದ್ಯ: ‘ತುಂಬಾಡ್’ ಚಿತ್ರದ ಗರ್ಭಲೋಕ

ಭಯಾನಕ ಚಲಚ್ಚಿತ್ರಗಳನ್ನು ನಮ್ಮ ವಿಮರ್ಶಕರು ಬಹುಮಟ್ಟಿಗೆ ದೂರವೇ ಇಟ್ಟಿದ್ದಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು, ದೀಪ ನಂದುವುದು, ಬಿಳಿಯ ಸೀರೆಯ ಹೆಂಗಸು ನಗುವುದು, ಇಷ್ಟರಿಂದಲೇ ತೃಪ್ತವಾಗುವ ಚಿತ್ರಗಳು ಪ್ರೇಕ್ಷಕನನ್ನು ಬೆಚ್ಚಿಸುತ್ತವೆಯೇ ಹೊರತು ಅವನಲ್ಲಿ ರಸವನ್ನು ಉದ್ಬೋಧಗೊಳಿಸುವುದಿಲ್ಲ. ಬೆಚ್ಚುವುದು ಮೈಯ ಕೆಲಸ. ಭಯಾನಕರಸ ಚಿತ್ತಕ್ಕೆ ಸಂಬಂಧಿಸಿದ್ದು. ಈ ಭೇದವನ್ನು ಮನಗಂಡು ನಿರ್ಮಿಸಿದ ವಿರಳ ಕೃತಿಗಳಲ್ಲಿ ರಾಹಿ ಅನಿಲ್ ಬರ್ವೆಯವರು ನಿರ್ದೇಶಿಸಿದ ‘ತುಂಬಾಡ್’ ಒಂದು. ೨೦೧೮ರಲ್ಲಿ ವೆನಿಸ್ ಚಿತ್ರೋತ್ಸವದ ವಿಮರ್ಶಕರ ಸಪ್ತಾಹದಲ್ಲಿ ಮೊದಲು ಪ್ರದರ್ಶಿತವಾಗಿ, ಆ ವರ್ಷದ ಅಕ್ಟೋಬರಿನಲ್ಲಿ ಚಿತ್ರಮಂದಿರಗಳಿಗೆ ಬಂದ ಈ ಚಿತ್ರಕ್ಕೆ ನಿಜವಾದ ಜನಮನ್ನಣೆ ದೊರೆತದ್ದು ೨೦೨೪ರ ಸೆಪ್ಟೆಂಬರಿನಲ್ಲಿ ಮರಳಿ ತೆರೆಕಂಡಾಗ. ಭಾಷೆ ಹಿಂದಿಯಾದರೂ ನೆಲ ಕೊಂಕಣದ್ದು. ಹೆಸರು ಶ್ರೀ. ನಾ. ಪೆಂಡಸೆಯವರ ‘ತುಂಬಾಡಚೇ ಖೋತ’ ಎಂಬ ಮರಾಠಿ ಕಾದಂಬರಿಯನ್ನು ನೆನಪಿಗೆ ತರುತ್ತದೆ. ಕಥಾಬೀಜ ನಾರಾಯಣ ಧಾರಪರ ಮರಾಠಿ ಭಯಕಥೆಗಳಿಂದ ಬಂದದ್ದು.

ಕಥೆಯನ್ನು ಸಂಗ್ರಹವಾಗಿ ಹೇಳಿಬಿಡುವುದು ಮುಂದಿನ ವಿಚಾರಕ್ಕೆ ಅನುಕೂಲ. ಸಮೃದ್ಧಿಯ ದೇವಿಯ ಚೊಚ್ಚಲ ಮಗ ಹಸ್ತರ. ತಾಯಿಯ ಚಿನ್ನವನ್ನೆಲ್ಲ ಕಬಳಿಸಿದ ಅವನು ಧಾನ್ಯಕ್ಕೂ ಕೈಚಾಚಿದಾಗ ಉಳಿದ ದೇವತೆಗಳು ಅವನ ಮೇಲೆ ಬಿದ್ದರು. ತಾಯಿ ಅವನನ್ನು ತನ್ನ ಗರ್ಭದಲ್ಲಿ ಅಡಗಿಸಿ ಉಳಿಸಿದಳು. ಅವನಿಗೆ ಎಂದೆಂದಿಗೂ ಪೂಜೆ ಸಲ್ಲಬಾರದೆಂಬುದು ನಿಬಂಧನೆ. ತುಂಬಾಡಿನ ಒಂದು ಮನೆತನ ಆ ನಿಬಂಧನೆಯನ್ನು ಮುರಿದು ಅವನಿಗೆ ಗುಡಿ ಕಟ್ಟಿತು. ಆದುದರಿಂದ ಆ ಊರಿನಲ್ಲಿ ಮಳೆ ನಿಲ್ಲುವುದೇ ಇಲ್ಲ. ೧೯೧೮ರಲ್ಲಿ ವಿನಾಯಕನೆಂಬ ಹುಡುಗ ತಾಯಿಯೊಡನೆ ಊರು ಬಿಟ್ಟು ಪುಣೆಗೆ ಹೋಗುತ್ತಾನೆ. ಮತ್ತೆಂದೂ ಮರಳುವುದಿಲ್ಲವೆಂದು ತಾಯಿ ಅವನಿಂದ ಮಾತು ಪಡೆಯುತ್ತಾಳೆ. ೧೯೩೩ರಲ್ಲಿ ಅವನು ಮರಳುತ್ತಾನೆ. ಶಾಪಗ್ರಸ್ತಳಾದ ಅಜ್ಜಿ, ದೇಹದಲ್ಲಿ ಮರ ಬೆಳೆದಿದ್ದರೂ ಸಾಯಲಾರದೆ ಬಿದ್ದಿದ್ದವಳು, ರಹಸ್ಯವನ್ನು ತಿಳಿಸುತ್ತಾಳೆ. ಬಾವಿಯ ಬಾಯಿಂದ ಹಗ್ಗ ಹಿಡಿದು ದೇವಿಯ ಗರ್ಭಕ್ಕಿಳಿಯಬೇಕು. ಸುತ್ತ ಹಿಟ್ಟಿನ ವೃತ್ತ ಎಳೆದುಕೊಳ್ಳಬೇಕು. ಹಸಿದ ಹಸ್ತರ ಹಿಟ್ಟಿನ ಗೊಂಬೆಯನ್ನು ತಿನ್ನುವಷ್ಟರಲ್ಲಿ ಅವನ ಕೌಪೀನದಿಂದ ಚಿನ್ನದ ನಾಣ್ಯಗಳನ್ನು ಕಿತ್ತುಕೊಂಡು ಮೇಲೇರಬೇಕು. ೧೯೪೭ರಲ್ಲಿ ಇದೇ ವಿದ್ಯೆಯನ್ನು ವಿನಾಯಕ ತನ್ನ ಮಗ ಪಾಂಡುರಂಗನಿಗೆ ಕಲಿಸುತ್ತಾನೆ.

ಆ ಗರ್ಭ ಎಂಥ ಸ್ಥಳ? ರಕ್ತವರ್ಣದ, ತೇವದಿಂದ ಹೊಳೆಯುವ, ಉಸಿರಾಡುವಂತೆ ತೋರುವ ಮಾಂಸದ ಗೋಡೆಗಳು. ಇದು ನರಕವಲ್ಲ; ಇಲ್ಲಿ ಯಮನಿಲ್ಲ, ಲೆಕ್ಕ ಬರೆಯುವ ಚಿತ್ರಗುಪ್ತನಿಲ್ಲ. ನಾಗಲೋಕದ ವೈಭವವೂ ಇಲ್ಲ. ಆದರೂ ಈ ಸ್ಥಳ ನಮಗೆ ಪೂರಾ ಅಪರಿಚಿತವಲ್ಲ. ದೇವಾಲಯದ ಅಂತರಾಳದ ಆಚೆಗಿರುವ ಕಿರಿದಾದ ಕತ್ತಲೆಯ ಕೋಣೆಗೆ ನಾವು ಇಟ್ಟಿರುವ ಹೆಸರೇ ಗರ್ಭಗುಡಿ. ಆಡಿ ಆಡಿ ಸವೆದ ಆ ಮಾತನ್ನು ಚಿತ್ರ ಅಕ್ಷರಶಃ ಎತ್ತಿಕೊಂಡಿದೆ. ಒಳಗೆ ದೇವರಿದ್ದಾನೆ, ನೈವೇದ್ಯವಿದೆ, ಅದನ್ನು ತರುವ ಮನುಷ್ಯನಿದ್ದಾನೆ, ಇಲ್ಲದ್ದು ಪೂಜೆಯೊಂದೇ. ನೈವೇದ್ಯವಾದರೆ ಪ್ರಸಾದವಾಗಿ ಮರಳಿ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ. ಇಲ್ಲಿ ಕೊಡುವುದು ಕಸಿಯುವುದಕ್ಕಾಗಿ, ಕಸಿದದ್ದು ಒಬ್ಬನಿಗಾಗಿ.

ಹಿಟ್ಟಿನ ಗೊಂಬೆ ಎಂದೊಡನೆ ಕನ್ನಡದ ಓದುಗನಿಗೆ ಜನ್ನನ ನೆನಪಾಗದಿರದು. ೧೨೦೯ರ ‘ಯಶೋಧರ ಚರಿತೆ’ಯಲ್ಲಿ ಜೀವಬಲಿಗೆ ಒಪ್ಪದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯವನ್ನು ಮೀರಲಾರದೆ, ಹಿಟ್ಟಿನ ಹುಂಜವನ್ನು ಕಡಿಯಲು ಸಮ್ಮತಿಸುತ್ತಾನೆ. ಹುಂಜ ಕೂಗುತ್ತದೆ. ಅದು ಹಿಟ್ಟಾದರೂ ಕಡಿಯುವ ಸಂಕಲ್ಪ ಹಿಟ್ಟಿನದಲ್ಲವಾದ್ದರಿಂದ, ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ಗಿರೀಶ ಕಾರ್ನಾಡರು ಈ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಹೊಸದಾಗಿ ಶೋಧಿಸಿದರು. ಬರ್ವೆಯವರು ಜನ್ನನನ್ನು ಬಲ್ಲರೆಂದು ಊಹಿಸುವ ಅಗತ್ಯ ನಮಗಿಲ್ಲ. ಹಿಟ್ಟಿನಿಂದ ಜೀವದ ಆಕಾರ ಮಾಡಿ ಉಗ್ರದೇವತೆಯ ಮುಂದಿಡುವ ಪದ್ಧತಿ ಇಬ್ಬರಿಗೂ ಹಿಂದಿನದು. ಆದರೆ ಇವೆರಡನ್ನು ಒಟ್ಟಿಗಿಟ್ಟು ನೋಡಿದರೆ ಚಿತ್ರದ ತಿರುಳು ಸ್ಪಷ್ಟವಾಗುತ್ತದೆ. ಯಶೋಧರನ ಹುಂಜ ಹಿಂಸೆಯಿಂದ ತಪ್ಪಿಸಿಕೊಳ್ಳುವ ಉಪಾಯ. ವಿನಾಯಕನ ಗೊಂಬೆ ಗಾಳಕ್ಕೆ ಸಿಕ್ಕಿಸಿದ ಎರೆ. ಯಶೋಧರನ ಮನಸ್ಸಿನಲ್ಲಿ ಅಳುಕಾದರೂ ಇತ್ತು. ವಿನಾಯಕ ಅಳುಕನ್ನು ಕೆಲವೇ ಸಲದ ಇಳಿಯಾಟದಲ್ಲಿ ಕಳೆದುಕೊಳ್ಳುತ್ತಾನೆ.

ಚಿತ್ರದ ಅತ್ಯಂತ ಸೂಕ್ಷ್ಮವಾದ ಸಾಧನೆ ಇರುವುದು ಈ ಅಳುಕು ಕಳೆಯುವ ಕ್ರಮದಲ್ಲಿ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂದು ನಾಟ್ಯಶಾಸ್ತ್ರ ಹೇಳುತ್ತದೆ. ಅಜ್ಜಿಯನ್ನು ಸರಪಳಿಯಲ್ಲಿ ಬಿಗಿದಿಟ್ಟ ಮೊದಲ ಭಾಗದಲ್ಲಿ ಈ ಕ್ರಮವೇ ಇದೆ. ಹುಡುಗ ಅನ್ನದ ಪಾತ್ರೆ ಹಿಡಿದು ಹೋಗುವಾಗ ನಮ್ಮ ಜುಗುಪ್ಸೆಯೇ ಬೆಳೆದು ಭಯವಾಗುತ್ತದೆ. ಅನಂತರ ಪ್ರವಾಹ ತಿರುಗುತ್ತದೆ. ಗರ್ಭಕ್ಕೆ ಇಳಿಯುವುದು ಕಸುಬಾಗುತ್ತದೆ. ಹಗ್ಗ, ದೀಪ, ಹಿಟ್ಟು, ಎಣಿಕೆ, ಮನೆಗೆ ಮರಳುವುದು. ಠಾಕುರ್ಲಿಯಲ್ಲಿ ಬೆಳಗಿನ ಗಾಡಿ ಹತ್ತಿ ರಾತ್ರಿ ಇಳಿಯುವವರಿಗೆ ಈ ಲಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಭಯ ಅಭ್ಯಾಸದಿಂದ ಸವೆದ ಮೇಲೆ ಜುಗುಪ್ಸೆಯೊಂದೇ ಉಳಿಯುತ್ತದೆ, ಅದೂ ಹಸ್ತರನ ವಿಷಯದಲ್ಲಲ್ಲ. ಹಸಿದವನೊಬ್ಬ ತುತ್ತಿಗೆ ಬಾಯಿಟ್ಟಾಗ ಅವನ ಸೊಂಟಕ್ಕೆ ಕೈ ಹಾಕುವ ಮನುಷ್ಯನನ್ನು ನೋಡಿ ನಾವು ಮುಖ ತಿರುಗಿಸುತ್ತೇವೆ. ಮಗನಿಗೆ ಆ ಕಸುಬನ್ನು ಕಲಿಸುವ ಪ್ರಕರಣ ಇಡೀ ಚಿತ್ರದಲ್ಲಿ ಅತಿ ಭೀಕರವಾದದ್ದು. ಅಲ್ಲಿ ತಂದೆಯ ವಾತ್ಸಲ್ಯ ನಿಜವಾದದ್ದೇ.

ಚಿತ್ರದ ಆರಂಭದಲ್ಲಿ ಗಾಂಧೀಜಿಯವರ ಹೆಸರಿನಲ್ಲಿ ಪ್ರಚಲಿತವಾಗಿರುವ, ದುರಾಸೆಯನ್ನು ಕುರಿತ ಹೇಳಿಕೆಯನ್ನು ಕಾಣಿಸಿರುವುದು ಅನಾವಶ್ಯಕ. ಅದು ಕೃತಿಯನ್ನು ನೀತಿಕಥೆಯ ಮಟ್ಟಕ್ಕೆ ಇಳಿಸುತ್ತದೆ. ಸಾಲದವನ ಪ್ರಸಂಗವೂ ಅವಸರದ್ದು. ಹೆಣ್ಣುಪಾತ್ರಗಳು, ತಾಯಿಯೊಬ್ಬಳನ್ನು ಬಿಟ್ಟರೆ, ನೆರಳಿನಂತಿವೆ. ಹಸ್ತರ ತೀರ ಹತ್ತಿರ ಬಂದು ನಿಂತಾಗ ಅವನ ನಿಗೂಢತೆ ಕುಗ್ಗುತ್ತದೆ. ಈ ದೋಷಗಳನ್ನು ಮರೆಸುವುದು ಪಂಕಜ್ ಕುಮಾರರ ಛಾಯಾಗ್ರಹಣ. ಕೊಂಕಣದ ಮಳೆ ಇಷ್ಟು ಭಾರವಾಗಿ, ಇಷ್ಟು ನಿರ್ದಯವಾಗಿ ತೆರೆಯ ಮೇಲೆ ಸುರಿದುದನ್ನು ನಾವು ಹಿಂದೆ ಕಂಡಿರಲಿಲ್ಲ.

ರಿಷಭ್ ಶೆಟ್ಟಿಯವರ ‘ಕಾಂತಾರ’ವನ್ನು (೨೦೨೨) ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಅಲ್ಲಿಯೂ ಕೊಟ್ಟ ಮಾತು, ಕಸಿಯುವ ಆಸೆ, ನೆಲಕ್ಕೆ ಅಂಟಿದ ಒಂದು ಶಕ್ತಿ ಇವೆ. ಆದರೆ ತುಳುನಾಡಿನ ದೈವ ನೇಮದ ರಾತ್ರಿ ಅಂಗಳದಲ್ಲಿ, ದೊಂದಿಯ ಬೆಳಕಿನಲ್ಲಿ, ಊರಿನ ಎಲ್ಲರ ಮುಂದೆ ಬಂದು ನಿಲ್ಲುತ್ತದೆ. ತನ್ನ ಪಾಲನ್ನು ಕೇಳಿ ಪಡೆಯುತ್ತದೆ, ನ್ಯಾಯ ನುಡಿಯುತ್ತದೆ. ಅದರ ಉಗ್ರತೆಗೆ ಊರೇ ಸಾಕ್ಷಿ. ಹಸ್ತರನಿಗೆ ಊರಿಲ್ಲ. ಅವನು ಒಂದು ಮನೆತನದ ಗುಟ್ಟು. ದೇವರನ್ನು ಗುಟ್ಟಾಗಿಟ್ಟುಕೊಂಡ ಮನೆ ಅವನಿಗೆ ಅನ್ನವನ್ನೂ ಗುಟ್ಟಾಗಿಯೇ, ಅಳೆದು, ಕೊಡಬೇಕಾಗುತ್ತದೆ.

ನಮ್ಮಲ್ಲಿ ಅನೇಕರು ವರ್ಷಕ್ಕೊಮ್ಮೆ ಊರಿಗೆ ಹೋಗುವುದು ಈ ಕೊಂಕಣವನ್ನೇ ಸೀಳಿಕೊಂಡು. ಪನವೇಲ್ ದಾಟಿ ಖೇಡ್, ರತ್ನಾಗಿರಿಗಳ ಸುರಂಗಗಳಲ್ಲಿ ನುಸುಳಿ ಗಾಡಿ ಮಂಗಳೂರಿನತ್ತ ಸಾಗುತ್ತದೆ. ಮುಚ್ಚಿದ ಮೂಲಮನೆ, ಪಾಲಾಗದ ತೋಟ, ಪಹಣಿಯಲ್ಲಿ ಇನ್ನೂ ಅಜ್ಜನದೇ ಹೆಸರು. ಬೆಳಗ್ಗೆ ನಾಗನಿಗೆ ಹಾಲೆರೆದು ಮಧ್ಯಾಹ್ನ ನೋಂದಣಿ ಕಚೇರಿಗೆ ಹೋಗುವವನ ಕೈಯಲ್ಲಿದ್ದುದು ನೈವೇದ್ಯವೋ, ಹಿಟ್ಟಿನ ಗೊಂಬೆಯೋ? ವಿನಾಯಕನ ತಾಯಿ ಆ ಮನೆಯಲ್ಲಿ ವರ್ಷಗಟ್ಟಲೆ ದುಡಿದು ಒಂದೇ ಒಂದು ನಾಣ್ಯವನ್ನು ತನ್ನದೆಂದು ಎತ್ತಿಕೊಂಡು ಹೊರಟವಳು. ಅವಳಿಗದು ಕೂಲಿ. ಮಗನಿಗೆ ಆ ಮನೆಯಲ್ಲಿದ್ದುದೆಲ್ಲ ಹಕ್ಕು. ಇಬ್ಬರೂ ವಲಸೆಗಾರರೇ, ಅವರ ನಡುವಣ ಈ ಅಂತರವನ್ನು ವಿಮರ್ಶೆಗಳು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಕಡೆಯ ಇಳಿಯಾಟದಲ್ಲಿ ಒಂದು ಗೊಂಬೆಯ ಬದಲು ಅನೇಕ ಗೊಂಬೆಗಳನ್ನು ಒಯ್ದು ಕೌಪೀನವನ್ನೇ ಕಸಿಯೋಣವೆಂಬ ಸಲಹೆ ಪಾಂಡುರಂಗನದು. ಎಷ್ಟು ಗೊಂಬೆಗಳೋ ಅಷ್ಟು ಹಸ್ತರರು ಮೂಡುತ್ತಾರೆ. ಮಗನನ್ನು ಉಳಿಸಲು ವಿನಾಯಕ ಗೊಂಬೆಗಳನ್ನೆಲ್ಲ ತನ್ನ ಮೈಗೆ ಕಟ್ಟಿಕೊಂಡು ಹಗ್ಗ ಹತ್ತುತ್ತಾನೆ. ಅಷ್ಟು ಕಾಲ ಎರೆಯನ್ನಿಟ್ಟವನು ತಾನೇ ನೈವೇದ್ಯವಾಗುವ ಈ ಚಿತ್ರಣಕ್ಕೆ ಜನ್ನನ ಕಾವ್ಯದ ಭವಾವಳಿಯ ಗಾಂಭೀರ್ಯವಿದೆ. ಮೇಲೆ, ಗುರುತು ಸಿಕ್ಕದಷ್ಟು ವಿಕಾರವಾದ ತಂದೆ ಮಗನ ಕಡೆಗೆ ಕೌಪೀನವನ್ನು ಚಾಚುತ್ತಾನೆ. ಹುಡುಗ ಅದನ್ನು ತೆಗೆದುಕೊಳ್ಳುವುದಿಲ್ಲ. ಅಜ್ಜಿಯನ್ನು ಮಲಗಿಸಲು ಆ ಮನೆಯವರು ಹೇಳುತ್ತಿದ್ದ ಮಾತನ್ನು ತಂದೆಗೂ ಹೇಳಿ, ಅಳುತ್ತ ಬೆಂಕಿ ಇಡುತ್ತಾನೆ.