ಐದೂವರೆ ಟನ್ ಕಬ್ಬಿನ ಲ್ಯಾಪ್‌ಟಾಪ್

"ಹದಿನೆಂಟು ಸಾವಿರಕ್ಕ ಚಲೋ ಲ್ಯಾಪ್‌ಟಾಪ್ ಬರ್ತೈತೇನ್ರಿ ಸರ?"

ರಾಯಬಾಗ ತಾಲ್ಲೂಕಿನ ಹುಡುಗಿ, ಬಿಸಿಎ ಎರಡನೇ ಸೆಮಿಸ್ಟರ್. ಅಪ್ಪನನ್ನೂ ಕರೆದುಕೊಂಡು ಚಿಕ್ಕೋಡಿಗೆ ನನ್ನಲ್ಲಿಗೆ ಬಂದಿದ್ದಳು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲು ರಾತ್ರಿ ಧರಣಿ ಕೂತ ಮೇಲೆ ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತಲ್ಲ, ಅಪ್ಪ ಆ ದರ ಹಿಡಿದೇ ಲೆಕ್ಕ ಹಾಕಿದರು: "ಐದೂವರಿ ಟನ್ ಆತ್ರಿ." ಬೆವರಿನಲ್ಲಿ ಎಣಿಸಿದ ದುಡ್ಡು ಅದು. ಅದಕ್ಕೆ ತಕ್ಕ ಯಂತ್ರವನ್ನೇ ಹುಡುಕಿ ಕೊಡಬೇಕು ಅನ್ನಿಸಿತು.

ಬರುತ್ತದೆ, ಆದರೆ ಹೊಸದಲ್ಲ. ಹದಿನೆಂಟು ಸಾವಿರದ ಹೊಸ ಲ್ಯಾಪ್‌ಟಾಪ್ ಅಂದರೆ ಸಾಮಾನ್ಯವಾಗಿ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಆ 64ರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನುತ್ತವೆ. ಜಾವಾ, ಮೈಎಸ್‌ಕ್ಯುಎಲ್ ಹಾಕಿ ಒಂದು ಬ್ರೌಸರ್ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಹೆಚ್ಚಿನವುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸುವಂತೆಯೂ ಇಲ್ಲ. ಇಂಥದ್ದನ್ನು ಕೊಂಡು ಎರಡನೇ ವರ್ಷಕ್ಕೇ ಕೈಬಿಟ್ಟ ಮಕ್ಕಳನ್ನು ಅಥಣಿಯಲ್ಲೂ ಕಾಗವಾಡದಲ್ಲೂ ನೋಡಿದ್ದೇನೆ.

ನಾನು ಬೆನ್ನು ಹತ್ತುವುದು ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿ ಬಿಟ್ಟ ಆಫೀಸಿನ ಯಂತ್ರಗಳನ್ನು. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್: ಈ ಮೂರು ಮನೆತನ ಸಾಕು. ದಿನಕ್ಕೆ ಹತ್ತು ಗಂಟೆ ಬಡಿಸಿಕೊಳ್ಳಲೆಂದೇ ಮಾಡಿದ ಕೀಬೋರ್ಡು, ಗಟ್ಟಿ ಹಿಂಜು, ಸ್ಕ್ರೂ ಬಿಚ್ಚಿದರೆ ಕೈಗೆ ಸಿಗುವ ಬಿಡಿಭಾಗ. ಟಿ480ರ ಕೀಲಿಗಳ ಮೇಲೆ ಚಹಾ ಚೆಲ್ಲಿದರೆ ಕೆಳಕ್ಕೆ ಹರಿದುಹೋಗಲು ತೂತು ಕೂಡ ಇಟ್ಟಿದ್ದಾರೆ. ಹಾಗೆ ಯೋಚಿಸಿ ಕಟ್ಟಿದ ವಸ್ತುವಿನ ಮೇಲೆ ನನಗೆ ಬಹಳ ಪ್ರೀತಿ.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಪ್ರೊಸೆಸರಿನ ಹೆಸರಿನಲ್ಲಿರುವ ಒಂದು ಅಂಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರೇ ಆಗಬೇಕು. ಐ5-8250ಯು, ಐ5-8350ಯು ಎಂದಿದ್ದರೆ ಅಡ್ಡಗೆರೆಯ ಮುಂದಿನ 8 ಆ ತಲೆಮಾರು. 7200ಯು, 6300ಯು ಇದ್ದರೆ ಹಿಂದಿನವು. ಅಂಗಡಿಯವರು ಹೇಗೋ ವಿಂಡೋಸ್ 11 ಕೂಡಿಸಿ ತೋರಿಸುತ್ತಾರೆ, ಅದನ್ನು ನಂಬಿ ಎಂಟನೆಯದರ ಬೆಲೆ ಕೊಡಬೇಡಿ. ಟಿ470 ಮತ್ತು ಟಿ480 ಅಕ್ಕತಂಗಿಯರ ಹಾಗೆ, ಮುಖ ನೋಡಿ ಗುರುತು ಹಿಡಿಯಲಾಗದು. ಲ್ಯಾಟಿಟ್ಯೂಡ್ 5480 ಮತ್ತು 5490 ಕೂಡ ಹಾಗೆಯೇ. ಬಾಯಿಮಾತು ಬಿಟ್ಟು ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆಗೆದು ಕಣ್ಣಾರೆ ಓದಿ.

ಮೂವರೂ ನಿಪ್ಪಾಣಿ ಬಸ್ಸು ಹತ್ತಿದೆವು. ಅಂಗಡಿಯಲ್ಲಿ ಟಿ480 ಇತ್ತು: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಹೇಳಿದ ಬೆಲೆ ಹದಿನೆಂಟೂವರೆ ಸಾವಿರ. ಮೊದಲು ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಎಫ್1 ಒತ್ತಿ ಬಯಾಸ್ ಒಳಗೆ ಹೋದೆ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಅಲ್ಲಿ ಪಾಸ್‌ವರ್ಡ್ ಕೇಳಿತೋ, ಹಳೇ ಮಾಲೀಕರ ಬೀಗ ಬಿಚ್ಚಿಲ್ಲವೆಂದರ್ಥ, ಎದ್ದು ಬಂದುಬಿಡಿ. ಹಿಂದೊಮ್ಮೆ ನಾನು ಇದನ್ನು ನೋಡದೆ ತಂದಿದ್ದರಿಂದ ಅಣ್ಣನ ಮಗ ಪರೀಕ್ಷೆಯ ಹೊತ್ತಿಗೆ ಯಂತ್ರವಿಲ್ಲದೆ ಒದ್ದಾಡಿದ. ಆ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಜಾಗ ಬಿಟ್ಟು ಓರೆಗೆರೆ, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಟಿ480ಕ್ಕೆ ಎರಡು ಬ್ಯಾಟರಿ: ಒಂದು ಹೊಟ್ಟೆಯೊಳಗೆ, ಇನ್ನೊಂದು ಹಿಂದೆ, ಎರಡು ಚಿಲಕ ಸರಿಸಿದರೆ ಕಳಚಿ ಬರುವಂಥದ್ದು. ಒಳಗಿನದು ಹುಟ್ಟಿದಾಗ ಸುಮಾರು 24,000 ಮಿಲಿವ್ಯಾಟ್ ಅವರ್, ಈಗ 19,000ದ ಹತ್ತಿರ. ಇದು ಚಲೋ. ಹೊರಗಿನದು 9,000ಕ್ಕೆ ಇಳಿದಿತ್ತು. ತೋಟದ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ. ಅಸೈನ್‌ಮೆಂಟ್ ಬರೆಯುವ ಹುಡುಗಿಗೆ ಈ ಸಂಖ್ಯೆಯೇ ಮುಖ್ಯ.

"ಇದನ್ನ ಬದಲಿ ಮಾಡಿ ಕೊಡ್ರಿ, ಇಲ್ಲಂದ್ರ ರೊಕ್ಕಾ ಕಡಿಮಿ ಮಾಡ್ರಿ" ಅಂದೆ.

"ಬ್ಯಾಟರಿ ಹಳೇದಿರೂದ ಕಾಕಾ, ಎಲ್ಲಾದರಾಗೂ ಹಂಗ ಇರ್ತೈತಿ" ಅಂದ ಅಂಗಡಿಯ ಹುಡುಗ.

"ಒಳಗಿಂದು ಚಲೋ ಐತಲ್ಲ ತಮ್ಮಾ, ಅದಕ್ಕ ನಾ ಏನೂ ಅಂದಿಲ್ಲ."

ಅವನು ಒಳಗೆ ಹೋಗಿ ಬೇರೆ ಬ್ಯಾಟರಿ ತಂದು ಸಿಕ್ಕಿಸಿದ, ಅದು 20,000 ತೋರಿಸಿತು. ಅಷ್ಟರಲ್ಲಿ ಹುಡುಗಿ ನೋಟ್‌ಪ್ಯಾಡ್ ತೆರೆದು ಎಯಿಂದ ಝಡ್‌ವರೆಗೆ, ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಕೀಲಿ ಒತ್ತುತ್ತಿದ್ದಳು. ನಾನು ಹೇಳಿಕೊಟ್ಟಿದ್ದಲ್ಲ, ಅವಳಿಗೇ ಹೊಳೆದದ್ದು. ಪಿ ಅಕ್ಷರ ಸ್ವಲ್ಪ ತಡೆಯಿತು. ಅಂಗಡಿಯವನು ಕೀಲಿ ಎತ್ತಿ, ಕುಂಚದಿಂದ ಧೂಳು ತೆಗೆದು ಮತ್ತೆ ಕೂರಿಸಿದ. ಕೊನೆಗೆ ಚಾರ್ಜರನ್ನು ಯುಎಸ್‌ಬಿ-ಸಿಗೆ ಚುಚ್ಚಿ ಅಲ್ಲಾಡಿಸಿ ನೋಡಿದೆ. ಆ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರಿನ ದೋಷದಿಂದ ಆ ಕಿಂಡಿ ಸಾಯುವುದುಂಟು. ಲೆನೊವೊ ಕೊಟ್ಟ ತಿದ್ದುಪಡಿಯನ್ನು ಹಾಕಿಸಿಕೊಳ್ಳಲೇಬೇಕು.

ರ‍್ಯಾಮ್ 16 ಮಾಡಿಸುವ ಆಸೆ ಅವಳಿಗಿತ್ತು. ಬೇಡವೆಂದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದೆ. ಎರಡನೇ ಸ್ಲಾಟು ಖಾಲಿ ಇದೆ, ಬೆಲೆ ಇಳಿದಾಗ ಹಾಕಿಸಬಹುದು. ಸಿ, ಪೈಥಾನ್, ಡಿಬಿಎಂಎಸ್ ಲ್ಯಾಬಿಗೆ ಸದ್ಯ 8 ನಡೆಯುತ್ತದೆ. ಬಿಕಾಂನವರ ಟ್ಯಾಲಿಗೆ ಧಾರಾಳ. ಪರೀಕ್ಷೆ ಅರ್ಜಿ, ಫಲಿತಾಂಶದ ಯುಯುಸಿಎಂಎಸ್‌ಗಂತೂ ಮೊಬೈಲೇ ಸಾಕು. ಹತ್ತು ಸಾವಿರದೊಳಗೇ ಮುಗಿಸಬೇಕು ಅನ್ನುವವರು ಆರನೇ ತಲೆಮಾರಿನದಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೂಡಿಸಿಕೊಳ್ಳಲಿ, ಪ್ರೋಗ್ರಾಮಿಂಗ್ ಕಲಿಯಲು ಅದು ನಿಜಕ್ಕೂ ಒಳ್ಳೆಯ ದಾರಿ. ಟ್ಯಾಲಿ ಬೇಕಾದವರಿಗೆ ಮಾತ್ರ ಅದು ಹೊಂದುವುದಿಲ್ಲ.

ನಮ್ಮ ಗಡಿಯ ಊರುಗಳಿಗೆ ಒಂದು ಅನುಕೂಲವಿದೆ: ಮಹಾರಾಷ್ಟ್ರದ ಪೇಟೆಗಳು ಪಕ್ಕದಲ್ಲೇ ಇವೆ. ನಿಪ್ಪಾಣಿಯವರಿಗೆ ಕೊಲ್ಲಾಪುರ, ಕಾಗವಾಡದವರಿಗೆ ಮಿರಜ್, ಚಿಕ್ಕೋಡಿಯವರಿಗೆ ಇಚಲಕರಂಜಿ ಹತ್ತಿರ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಆಯ್ಕೆ ಬಹಳ, ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿರಬಹುದು. ಆದರೆ ಕೆಟ್ಟರೆ ಮರಳಿ ಒಯ್ಯಲು ಆಗುವಷ್ಟು ದೂರದಲ್ಲೇ ಕೊಳ್ಳಿ ಎಂಬುದು ನನ್ನ ಮಾತು.

ಹದಿನೇಳು ಸಾವಿರದ ಎಂಟುನೂರಕ್ಕೆ ಮುಗಿಯಿತು. ಸೀರಿಯಲ್ ನಂಬರು, ಮೂರು ತಿಂಗಳ ವಾರಂಟಿ ಎರಡನ್ನೂ ಬಿಲ್ಲಿನ ಮೇಲೆ ಬರೆಸಿದೆ. ಮುಚ್ಚಳದ ಮೇಲೆ ಯಾವುದೋ ಕಚೇರಿಯ ಅಸೆಟ್ ನಂಬರಿನ ಚೀಟಿ ಅರ್ಧ ಉಳಿದಿತ್ತು, ಹುಡುಗಿ ಚಿಕ್ಕೋಡಿ ಬರುವತನಕ ಅದನ್ನು ಉಗುರಿನಿಂದ ಕೆರೆಯುತ್ತ ಕೂತಳು. ಅಪ್ಪ ಬಿಲ್ಲು ಮಡಚಿ, ಕಾರ್ಖಾನೆಯ ತೂಕದ ಚೀಟಿಗಳ ಜೊತೆ ಒಳಕಿಸೆಯಲ್ಲಿ ಇಟ್ಟುಕೊಂಡರು.